ಯಾರು ಓದಲೆಂದು ಬರೆದರು?

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಚರಿತ್ರೆ ಬರೆಯಹೊರಟವರಿಗೆ ಆಧಾರಗಳ ಕೊರತೆಯಿಲ್ಲ. ಕಲ್ಲು, ತಾಮ್ರಪಟ, ಓಲೆಗರಿ, ಅಚ್ಚಿನ ಪುಸ್ತಕ ಎಲ್ಲವೂ ಉಂಟು. ತೊಡಕಿರುವುದು ಅವನ್ನು ಓದುವ ಕ್ರಮದಲ್ಲಿ. ಶಾಸನಪಾಠ ಹೇಳುತ್ತಿದ್ದ ದಿನಗಳಲ್ಲಿ ನಾನು ವಿದ್ಯಾರ್ಥಿಗಳ ಮುಂದೆ ಮೊದಲು ಇಡುತ್ತಿದ್ದ ಪ್ರಶ್ನೆ ಒಂದೇ: ಇದನ್ನು ಯಾರು ಓದಲೆಂದು, ಏತಕ್ಕಾಗಿ ಬರೆಸಿದರು?

ನಾಗಮಂಗಲ ತಾಲ್ಲೂಕಿನ ದೇವರಹಳ್ಳಿಯ ತಾಮ್ರಶಾಸನ ಗಂಗ ಶ್ರೀಪುರುಷನ ಕಾಲದ್ದು, ಕ್ರಿ.ಶ. 776ರದು. ಜಿನಾಲಯವೊಂದಕ್ಕೆ ಬಿಟ್ಟ ದತ್ತಿ ಅದರ ವಿಷಯ. ಗಂಗರ ಇಂಥ ಶಾಸನಗಳಲ್ಲಿ ವಂಶಸ್ತುತಿ ಸಾಮಾನ್ಯವಾಗಿ ಸಂಸ್ಕೃತದಲ್ಲಿರುತ್ತದೆ. ಕೊಟ್ಟ ಭೂಮಿಯ ಎಲ್ಲೆ ಹೇಳುವಲ್ಲಿ ಹಲವು ವೇಳೆ ಭಾಷೆ ಕನ್ನಡಕ್ಕೆ ತಿರುಗುತ್ತದೆ. ಸ್ತುತಿ ವಿದ್ವತ್ಸಭೆಗೆ ಸಂದದ್ದು; ಎಲ್ಲೆ ಅಲ್ಲಿನ ಹಳ್ಳ, ಮರ, ಬಂಡೆಗಳನ್ನು ಬಲ್ಲ ಊರವರಿಗೆ. ಕೊನೆಯ ಶಾಪವಾಕ್ಯ ಮುಂದೆ ಬರಲಿರುವ ಅರಸರಿಗೆ. ಸ್ತುತಿಯಲ್ಲಿ ಒಂದು ಮಾತು ಹೆಚ್ಚಾದರೆ ಯಾರಿಗೂ ನಷ್ಟವಿಲ್ಲ. ಎಲ್ಲೆ ತಪ್ಪಿದರೆ ಮರುದಿನವೇ ವ್ಯಾಜ್ಯ. ಒಂದೇ ಶಾಸನದ ಎರಡು ಭಾಗಗಳನ್ನು ಒಂದೇ ತೂಕದಲ್ಲಿ ನಂಬಲಾಗದು.

ಕೃಷ್ಣರಾಜಪೇಟೆ, ಪಾಂಡವಪುರಗಳ ಹಳ್ಳಿಗಳ ವೀರಗಲ್ಲುಗಳನ್ನು ನೋಡಿ. ಕೆಳಗೆ ಕಾಳಗ, ನಡುವೆ ಅಪ್ಸರೆಯರ ಕೈಹಿಡಿದ ವೀರ, ಮೇಲೆ ದೇವಸನ್ನಿಧಿ. ಅಕ್ಷರವರಿಯದವನಿಗೂ ಅರ್ಥವಾಗಲೆಂದೇ ಈ ರೂಪ ಹುಟ್ಟಿತು.

ಶ್ರೀರಂಗಪಟ್ಟಣದ ಆಸ್ಥಾನಕ್ಕೆ ಬಂದರೆ ರೂಪ ಮತ್ತೆ ಬದಲಾಗುತ್ತದೆ. ಗೋವಿಂದವೈದ್ಯ 1648ರಲ್ಲಿ ಕಂಠೀರವ ನರಸರಾಜನ ವಿಜಯವನ್ನು ಹಾಡಲು ಒದಗುವ ಸಾಂಗತ್ಯದಲ್ಲಿ ಬರೆದ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜನನ್ನು ಕುರಿತು ತಿರುಮಲಾರ್ಯ ವಂಶಾವಳಿಯನ್ನು ಗದ್ಯದಲ್ಲಿಯೂ ವಿಜಯವನ್ನು ಚಂಪುವಿನಲ್ಲಿಯೂ ರಚಿಸಿದ. ಅಲಂಕಾರ ಬೋಧಿಸುವ ‘ಅಪ್ರತಿಮವೀರಚರಿತೆ’ಯಲ್ಲಿ ಅದೇ ದೊರೆ ಲಕ್ಷ್ಯಪದ್ಯಗಳ ನಾಯಕನಾದ. ಅರಸನೊಬ್ಬನೇ, ಗ್ರಂಥದ ಉದ್ದೇಶಕ್ಕೆ ತಕ್ಕಂತೆ ಚಿತ್ರ ಮೂರು ಬಗೆಯಾಯಿತು.

1799ರಲ್ಲಿ ಪಟ್ಟಣ ಬಿದ್ದಿತು. ಟಿಪ್ಪು ಸುಲ್ತಾನನೊಡನೆ ನಡೆದ ಆ ಯುದ್ಧದ ಕಾರಣವನ್ನೂ ನಡೆಯನ್ನೂ ಗೆದ್ದವರ ಪಕ್ಷದಿಂದ ನಿರೂಪಿಸುವ ಬೀಟ್ಸನ್ನನ ಗ್ರಂಥ 1800ರಲ್ಲಿಯೇ ಹೊರಬಂದಿತು. ಅದೇ ವರ್ಷ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲಿ ಸಂಚರಿಸಿದ. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ದಿನಚರಿಯಲ್ಲಿ ಬೆಳೆ, ಕೂಲಿ, ಕೆರೆ, ಮಗ್ಗಗಳ ವಿವರವಿದೆ. ಹೊಸದಾಗಿ ಕೈಸೇರಿದ ನಾಡಿನ ಹುಟ್ಟುವಳಿ ಎಷ್ಟೆಂದು ಕಂಪನಿಗೆ ತಿಳಿಯಬೇಕಿತ್ತು. ಅದರಿಂದಲೇ ನಮ್ಮ ರೈತನ ನೇಗಿಲು ಆ ಪುಟಗಳಲ್ಲಿ ಉಳಿಯಿತು; ಅವನ ಮನಸ್ಸಿನ ಮಾತು ಅಲ್ಲಿ ಅಪರೂಪ.

ಬಿ.ಎಲ್. ರೈಸ್ 1894 ಮತ್ತು 1898ರ ಸಂಪುಟಗಳಲ್ಲಿ ಈ ಸೀಮೆಯ ಶಾಸನಗಳನ್ನು ಪ್ರಕಟಿಸಿದರು. ಮೈಸೂರು ವಿಶ್ವವಿದ್ಯಾನಿಲಯ 1977ರಿಂದ ಅವುಗಳ ಪರಿಷ್ಕೃತ ಆವೃತ್ತಿಯನ್ನು ತಂದಿತು. ಇವು ಮಹೋಪಕಾರದ ಕೆಲಸಗಳು. ಆದರೆ ಅಚ್ಚಿನಲ್ಲಿ ಸ್ತುತಿ, ಲೆಕ್ಕ, ಶಾಪ ಎಲ್ಲಕ್ಕೂ ಒಂದೇ ಅಕ್ಷರ. ಶ್ರೀರಂಗಪಟ್ಟಣದ ಗತಕಾಲವನ್ನು ಕುರಿತು ಇಂದು ಕಾವೇರಿದ ವಾದಗಳಲ್ಲಿ ಆಸ್ಥಾನಕವಿಯ ಒಂದು ಸಾಲನ್ನೋ ಸೇನಾಧಿಕಾರಿಯ ಒಂದು ವಾಕ್ಯವನ್ನೋ ಕಿತ್ತು ತಂದು ತೀರ್ಪಿನಂತೆ ಓದುವವರನ್ನು ಕಾಣುತ್ತೇವೆ. ಹಾಗೆ ಓದಿದಾಗ ಅನ್ಯಾಯವಾಗುವುದು ಸತ್ತವರಿಗೆ ಮಾತ್ರವಲ್ಲ. ನೆರೆಯಲ್ಲಿ ಬದುಕಿರುವವರಿಗೂ ಆಗುತ್ತದೆ.

ತಮ್ಮ ಊರಿನ ಚರಿತ್ರೆ ಬರೆಯುವ ತರುಣರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಉದ್ಧರಿಸುವ ಪ್ರತಿಯೊಂದು ವಾಕ್ಯದೊಡನೆ ಅದನ್ನು ಬರೆದವರು ಯಾರು, ಯಾರಿಗಾಗಿ ಎಂಬುದನ್ನೂ ತಿಳಿಸಿ. ನೀವು ಯಾರಿಗಾಗಿ ಬರೆಯುತ್ತಿದ್ದೀರಿ ಎಂಬುದನ್ನು ಮೊದಲ ಪುಟದಲ್ಲೇ ಹೇಳಿ.