ಬಿ-ಫಾರಂನ ಬಾಗಿಲು: ದಕ್ಷಿಣ ಬೆಂಗಳೂರಿನ ಚುನಾಯಿತ ಸ್ಥಾನಗಳಲ್ಲಿ ಹೆಣ್ಣು, ಜಾತಿ, ಧರ್ಮ

ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದಿಂದ 1977ರ ಈಚೆಗೆ ಗೆದ್ದವರು ಏಳೇ ಜನ: ಕೆ.ಎಸ್. ಹೆಗ್ಡೆ, ಟಿ.ಆರ್. ಶಾಮಣ್ಣ, ವಿ.ಎಸ್. ಕೃಷ್ಣ ಅಯ್ಯರ್, ಆರ್. ಗುಂಡೂರಾವ್, ಕೆ. ವೆಂಕಟಗಿರಿಗೌಡ, ಅನಂತಕುಮಾರ್, ತೇಜಸ್ವಿ ಸೂರ್ಯ. ಇವರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದವರಿದ್ದಾರೆ, ಮಾಜಿ ಮುಖ್ಯಮಂತ್ರಿ ಇದ್ದಾರೆ, ಅರ್ಥಶಾಸ್ತ್ರದ ಪ್ರಾಧ್ಯಾಪಕರಿದ್ದಾರೆ, ಸೈಕಲ್ಲಿನಲ್ಲೇ ಊರು ಸುತ್ತುತ್ತಿದ್ದ ಜನನಾಯಕರಿದ್ದಾರೆ. ಪಕ್ಷಗಳೂ ಬದಲಾಗಿವೆ: ಜನತಾ, ಕಾಂಗ್ರೆಸ್, ಬಿಜೆಪಿ. ಬದಲಾಗದೆ ಉಳಿದದ್ದು ಬೇರೆ. ಏಳೂ ಜನ ಗಂಡಸರು, ಏಳೂ ಜನ ಹಿಂದೂಗಳು, ದಲಿತರೊಬ್ಬರೂ ಇಲ್ಲ. ಅದರಲ್ಲೂ 1996ರಿಂದ ಇಲ್ಲಿಯವರೆಗೆ ಈ ಸ್ಥಾನ ಇಬ್ಬರು ಬ್ರಾಹ್ಮಣರ ಕೈಯಲ್ಲೇ ಇದೆ.

ಓದು ಬರಹದಲ್ಲಿ, ವರಮಾನದಲ್ಲಿ, ಪತ್ರಿಕೆ ಓದುವ ಚಟದಲ್ಲಿ ರಾಜ್ಯಕ್ಕೇ ಮುಂದಿರುವ ಬಡಾವಣೆಗಳು ಈ ಕ್ಷೇತ್ರದವು. ಜಯನಗರ, ಜೆ.ಪಿ. ನಗರ, ಬನಶಂಕರಿಗಳಲ್ಲಿ ಹೆಣ್ಣುಮಕ್ಕಳು ಬ್ಯಾಂಕು, ಆಸ್ಪತ್ರೆ, ಕಾಲೇಜು, ಸಾಫ್ಟ್‌ವೇರ್ ಕಂಪನಿಗಳನ್ನು ನಡೆಸುತ್ತಾರೆ. ಹಾಗಿದ್ದೂ ಈ ಪಟ್ಟಿ ಯಾಕೆ ಹೀಗಿದೆ? ಮತದಾರರೇ ಹಳೆಯ ಮನಸ್ಸಿನವರು ಎಂಬ ಉತ್ತರ ಸುಲಭವಾಗಿ ಬಾಯಿಗೆ ಬರುತ್ತದೆ. ದಾಖಲೆಗಳು ಅದನ್ನು ಅಷ್ಟಾಗಿ ಬೆಂಬಲಿಸುವುದಿಲ್ಲ. ತಡೆ ಇರುವುದು ಮತಗಟ್ಟೆಯಲ್ಲಲ್ಲ, ಅದಕ್ಕಿಂತ ತಿಂಗಳು ಮೊದಲು ಪಕ್ಷದ ಕಚೇರಿಯಲ್ಲಿ ಅಧಿಕೃತ ಅಭ್ಯರ್ಥಿಗಳಿಗೆ ಬಿ-ಫಾರಂ ಹಂಚುವ ಹೊತ್ತಿನಲ್ಲಿ ಎಂಬುದು ಈ ಲೇಖನದ ವಾದ.

ಮೊದಲು ಸ್ವಲ್ಪ ಹಿಂದಿನ ಕಥೆ. 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಕಂಡ ಮೈಸೂರು ಸಂಸ್ಥಾನದಲ್ಲಿ ಹೆಂಗಸರ ಮತದ ಹಕ್ಕಿನ ಮಾತು ಬಂದದ್ದು 1920ರ ದಶಕದ ಸುಧಾರಣೆಗಳ ಜೊತೆ. ಆಗಲೂ ಆಸ್ತಿ, ಕಂದಾಯ, ವಿದ್ಯೆಯ ಜರಡಿಯಲ್ಲಿ ಹಾಯ್ದು ಬಂದವರು ಬೆರಳೆಣಿಕೆಯವರು. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲಿ ಮದ್ರಾಸ್ ವಿಧಾನ ಪರಿಷತ್ತಿಗೆ ಸ್ಪರ್ಧಿಸಿ ಕೆಲವೇ ಮತಗಳಿಂದ ಸೋತರು. ಭಾರತದಲ್ಲಿ ಶಾಸನಸಭೆಗೆ ನಿಂತ ಮೊದಲ ಹೆಣ್ಣುಮಗಳು ಎಂದು ಅವರನ್ನು ಗುರುತಿಸುತ್ತಾರೆ. ಆ ಸೋಲಿನ ಅಂತರ ಒಂದು ಮಾತನ್ನು ಹೇಳುತ್ತದೆ: ಹೆಣ್ಣಿಗೆ ಮತ ಹಾಕುವ ಜನ ಆಗಲೇ ಇದ್ದರು.

ಬೆಂಗಳೂರು ನಗರದಲ್ಲಿ 1959ರಲ್ಲಿ ಇಂದಿರಮ್ಮ ಮೇಯರ್ ಆದರು. ಆಗ ಮಹಿಳಾ ಮೀಸಲಾತಿಯ ಸುದ್ದಿಯೇ ಇರಲಿಲ್ಲ. ರಾಜ್ಯ ಮಟ್ಟದಲ್ಲಿ ಬೆಂಗಳೂರಿನವರೇ ಆದ ಯಶೋಧರಮ್ಮ ದಾಸಪ್ಪ ಮಂತ್ರಿಯಾದರು, ಪಾನನಿರೋಧ ಸಡಿಲವಾದಾಗ ಪದವಿಯನ್ನೇ ಬಿಟ್ಟು ಹೊರಬಂದರು. ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮ 1972ರಲ್ಲಿ ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್ ಆದರು. ಇವರನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಿ 'ಮುನ್ನಡೆ' ಎಂದು ಕರೆಯುವ ರೂಢಿ ನಮ್ಮಲ್ಲಿದೆ. ನನಗೆ ಅದು ಒಪ್ಪಿಗೆಯಿಲ್ಲ. ಇಂದಿರಮ್ಮನವರ ನಂತರದ ಮೂರು ದಶಕ ಮೇಯರ್ ಪೀಠ ಹೆಚ್ಚುಕಡಿಮೆ ಗಂಡಸರದ್ದೇ ಆಗಿತ್ತು. ಮೊದಲಿಗರೊಬ್ಬರು ಒಳಗೆ ಹೋದರೆಂದು ಬಾಗಿಲು ತೆರೆದೇ ಇರುತ್ತದೆ ಎನ್ನಲಾಗದು.

ಇನ್ನು ನೆಲದ ವಿಚಾರ. ಜಯನಗರಕ್ಕೆ ಅಸ್ತಿಭಾರ ಬಿದ್ದದ್ದು 1948ರಲ್ಲಿ, ಗವರ್ನರ್ ಜನರಲ್ ರಾಜಾಜಿ ಬಂದಿದ್ದರು. ಹೆಸರು ಜಯಚಾಮರಾಜ ಒಡೆಯರದ್ದು. ಬಡಾವಣೆ ಎದ್ದ ಜಾಗ ಬರಿಯ ಬಯಲಾಗಿರಲಿಲ್ಲ. ಕನಕನಪಾಳ್ಯ, ಸಾರಕ್ಕಿ, ಯಡಿಯೂರು, ಬೈರಸಂದ್ರ ಎಂಬ ಊರುಗಳಿದ್ದವು. ಬಿಟಿಎಂ ಎಂದು ನಾವು ಉಸಿರು ಉಳಿಸಿ ಹೇಳುವುದೂ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳನ್ನೇ. ಹೀಗಾಗಿ ಇಲ್ಲಿನ ಮತದಾರರ ಪಟ್ಟಿಯಲ್ಲಿ ಬ್ಲಾಕುಗಳ ನಿವೃತ್ತ ಅಧಿಕಾರಿಗಳ ಪಕ್ಕದಲ್ಲೇ ಹಳೆಯ ಊರಿನ ರೆಡ್ಡಿಗಳು, ಒಕ್ಕಲಿಗರು, ದಲಿತ ಕೇರಿಗಳವರು, ತಿಲಕ್‌ನಗರ ಮತ್ತು ಗುರಪ್ಪನಪಾಳ್ಯದ ಮುಸ್ಲಿಮರು, ತಮಿಳು ಮಾತನಾಡುವ ಕೂಲಿಕಾರರು ಇದ್ದಾರೆ. ಜಯನಗರ ವಿಧಾನಸಭಾ ಕ್ಷೇತ್ರ ಹುಟ್ಟಿದಾಗಿನಿಂದ ಅಲ್ಲಿ ಮುಸ್ಲಿಂ ಶಾಸಕರಿಲ್ಲ, ದಲಿತ ಶಾಸಕರಿಲ್ಲ. ಎಂ. ಚಂದ್ರಶೇಖರ್, ರಾಮಲಿಂಗಾರೆಡ್ಡಿ, ಬಿ.ಎನ್. ವಿಜಯಕುಮಾರ್, ಹೀಗೆ 2018ರವರೆಗೆ ಮೂರೇ ಹೆಸರು.

ವಾರ್ಡಿನ ಮಟ್ಟಕ್ಕೆ ಇಳಿದರೆ ಚಿತ್ರ ಬೇರೆಯೇ. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ರೂಪಿಸಿದ ಪಂಚಾಯತ್ ಕಾಯ್ದೆ 1987ರ ಚುನಾವಣೆಯಲ್ಲೇ ಹಳ್ಳಿಗಳಲ್ಲಿ ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಕೊಟ್ಟಿತ್ತು. ಮಹಿಳೆಯರ ರಾಷ್ಟ್ರೀಯ ಮುನ್ನೋಟ ಯೋಜನೆ ಶೇ 30ರ ಬೇಡಿಕೆಯನ್ನು ಮುಂದಿಟ್ಟದ್ದು 1988ರಲ್ಲಿ. ಆಗ ಕೇಂದ್ರದಲ್ಲಿ ಮಹಿಳಾ ಖಾತೆಯಲ್ಲಿದ್ದವರು ಮಂಗಳೂರಿನ ಮಾರ್ಗರೆಟ್ ಆಳ್ವ. ನಗರಗಳಿಗೆ ಮೂರನೇ ಒಂದು ಪಾಲನ್ನು ತಂದದ್ದು ಸಂವಿಧಾನದ 74ನೇ ತಿದ್ದುಪಡಿ. ಕರ್ನಾಟಕ ಅದನ್ನು ಅರ್ಧಕ್ಕೆ ಏರಿಸಿತು. 2015ರಲ್ಲಿ ಬಿಬಿಎಂಪಿಯ 198 ವಾರ್ಡುಗಳಿಗೆ ಚುನಾವಣೆ ನಡೆದಾಗ ಕೌನ್ಸಿಲ್ ಸಭಾಂಗಣದ ಅರ್ಧದಷ್ಟು ಕುರ್ಚಿಗಳಲ್ಲಿ ಹೆಂಗಸರು ಕೂತರು. ಮತ ಹಾಕಿದವರು ಅದೇ ಜಯನಗರದವರು, ಅದೇ ಬನಶಂಕರಿಯವರು. ಯಾರೂ ಮತಗಟ್ಟೆಗೆ ಬರುವುದನ್ನು ನಿಲ್ಲಿಸಲಿಲ್ಲ.

ಜಯನಗರ ವಾರ್ಡಿನ ಗಂಗಾಂಬಿಕೆ ಮಲ್ಲಿಕಾರ್ಜುನ್ 2018ರ ಸೆಪ್ಟೆಂಬರ್ 28ರಂದು ಮೇಯರ್ ಆದದ್ದು ಈ ದಾರಿಯಲ್ಲೇ. (ಹೆಸರು ಜಯನಗರವಾದರೂ ಆ ವಾರ್ಡ್ ಚಿಕ್ಕಪೇಟೆ ವಿಧಾನಸಭಾ ಕ್ಷೇತ್ರಕ್ಕೆ ಸೇರಿದ್ದು. ಬೆಂಗಳೂರಿನ ಗಡಿಗಳು ಎಲ್ಲರಿಗೂ ಗೊಂದಲವೇ.) ಆ ವರ್ಷ ಪೀಠ ಸಾಮಾನ್ಯ ವರ್ಗದ ಮಹಿಳೆಗೆ ಮೀಸಲಾಗಿತ್ತು. ಅದೇ ದಿನ ಉಪಮೇಯರ್ ಆದ ರಮೀಳಾ ಉಮಾಶಂಕರ್ ವಾರ ಕಳೆಯುವಷ್ಟರಲ್ಲಿ ಹೃದಯಾಘಾತದಿಂದ ತೀರಿಕೊಂಡರು. ನಗರದ ಎರಡೂ ಉನ್ನತ ಸ್ಥಾನಗಳಲ್ಲಿ ಹೆಂಗಸರಿದ್ದ ಕಾಲ ಹೀಗೆ ಒಂದು ವಾರಕ್ಕೇ ಮುಗಿಯಿತು. ಗಂಗಾಂಬಿಕೆಯವರಿಗೂ ಸಿಕ್ಕಿದ್ದು ಒಂದು ವರ್ಷ ಮಾತ್ರ. ಆಗಿನ ಕಾನೂನಿನಲ್ಲಿ ಮೇಯರ್ ಅವಧಿಯೇ ಅಷ್ಟು. ಅಧಿಕಾರಿಗಳ ಹೆಸರು, ಕಡತಗಳ ದಾರಿ ತಿಳಿಯುವ ಹೊತ್ತಿಗೆ ಬೀಳ್ಕೊಡುಗೆಯ ಹಾರ ಸಿದ್ಧವಾಗಿರುತ್ತಿತ್ತು. ಬಿಬಿಎಂಪಿಗೆ ಮುಂಚಿನ ಮಹಾನಗರ ಪಾಲಿಕೆಯ ಕೊನೆಯ ವರ್ಷಗಳಲ್ಲಿ ಮುಮ್ತಾಜ್ ಬೇಗಂ ಮೇಯರ್ ಆಗಿದ್ದರು. ಮುಸ್ಲಿಂ ಮಹಿಳೆಯೊಬ್ಬರು ಆ ಪೀಠಕ್ಕೆ ಬಂದ ಸಂಗತಿ ಇವತ್ತು ಎಷ್ಟು ಜನರ ನೆನಪಿನಲ್ಲಿದೆ?

ಮೀಸಲಾತಿಯನ್ನು ಹೀಗಳೆಯುವವರು 'ಕಾರ್ಪೊರೇಟರ್ ಪತಿ'ಯ ಮಾತು ಎತ್ತುತ್ತಾರೆ. ಫೋನ್ ಎತ್ತುವವನು ಗಂಡ, ಗುತ್ತಿಗೆದಾರನ ಜೊತೆ ಕೂರುವವನು ಗಂಡ, ಫ್ಲೆಕ್ಸಿನಲ್ಲಿ ಹೆಂಡತಿಗಿಂತ ದೊಡ್ಡ ಮುಖವೂ ಅವನದೇ. ಅದು ಸುಳ್ಳಲ್ಲ. ಹಾಗಾದರೆ ಮೀಸಲಾತಿಯೇ ಇಲ್ಲದ ಸ್ಥಾನಗಳಲ್ಲಿ ಸಂಬಂಧದ ನೆರಳಿಲ್ಲದೆ ಬಂದವರು ಎಷ್ಟು ಎಂದು ಕೇಳಬೇಕಲ್ಲವೇ?

ಶಾಸಕ ವಿಜಯಕುಮಾರ್ ಅವರು 2018ರ ಮೇ ತಿಂಗಳಲ್ಲಿ, ಪ್ರಚಾರದ ನಡುವೆಯೇ ತೀರಿಕೊಂಡಿದ್ದರಿಂದ ಜಯನಗರದ ಮತದಾನ ಜೂನ್ 11ಕ್ಕೆ ಹೋಯಿತು. ಬಿಜೆಪಿ ಅವರ ತಮ್ಮ ಪ್ರಹ್ಲಾದ್ ಅವರನ್ನು ನಿಲ್ಲಿಸಿತು, ಕಾಂಗ್ರೆಸ್ ರಾಮಲಿಂಗಾರೆಡ್ಡಿಯವರ ಮಗಳು ಸೌಮ್ಯಾ ರೆಡ್ಡಿಯವರನ್ನು. ತಮ್ಮ ಒಂದು ಕಡೆ, ಮಗಳು ಇನ್ನೊಂದು ಕಡೆ. ಸೌಮ್ಯಾ 2,889 ಮತಗಳಿಂದ ಗೆದ್ದು ಕ್ಷೇತ್ರದ ಮೊದಲ ಶಾಸಕಿಯಾದರು. ಐದು ವರ್ಷದ ನಂತರ, 2023ರ ಮೇ 13ರಂದು, ಎಸ್‌ಎಸ್‌ಎಂಆರ್‌ವಿ ಕಾಲೇಜಿನ ಎಣಿಕೆ ಕೇಂದ್ರದಲ್ಲಿ ರಾತ್ರಿಯವರೆಗೂ ಜಗ್ಗಾಟ ನಡೆಯಿತು. ಅಂಚೆ ಮತಗಳ ತಕರಾರು, ಮರುಎಣಿಕೆ, ಹೊರಗೆ ಎರಡೂ ಪಕ್ಷದವರ ಕೂಗು. ಕೊನೆಗೆ ಸಿ.ಕೆ. ರಾಮಮೂರ್ತಿಯವರಿಗೆ 57,797, ಸೌಮ್ಯಾ ಅವರಿಗೆ 57,781. ಹದಿನಾರು ಮತ. ಒಂದು ಅಪಾರ್ಟ್‌ಮೆಂಟಿನ ಒಂದು ಮಹಡಿಯವರು ಮನಸ್ಸು ಮಾಡಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತು. ಇದನ್ನು ಹೆಣ್ಣಿನ ವಿರುದ್ಧದ ತೀರ್ಪು ಎನ್ನಲಾಗುವುದಿಲ್ಲ. 2024ರಲ್ಲಿ ಅವರೇ ಲೋಕಸಭೆಗೆ ನಿಂತು 2,77,083 ಮತಗಳಿಂದ ಸೋತರು. ಆದರೆ ಅದಕ್ಕೂ ಹತ್ತು ವರ್ಷದ ಹಿಂದೆ ಕಾಂಗ್ರೆಸ್ಸಿನ ನಂದನ್ ನಿಲೇಕಣಿಯಂಥವರೂ ಅಲ್ಲಿ 2,28,575 ಮತಗಳ ಅಂತರದಲ್ಲಿ ಸೋತಿದ್ದರು. ಅಲ್ಲಿ ಸೋಲುವುದು ಪಕ್ಷ.

ಸೌಮ್ಯಾ ಅವರಿಗಿಂತ ಮುಂಚೆ ಕಾಂಗ್ರೆಸ್ ಈ ಲೋಕಸಭಾ ಕ್ಷೇತ್ರದಲ್ಲಿ ಹೆಣ್ಣುಮಗಳಿಗೆ ಟಿಕೆಟ್ ಕೊಟ್ಟದ್ದು 1996ರಲ್ಲಿ, ಗುಂಡೂರಾಯರ ಪತ್ನಿ ವರಲಕ್ಷ್ಮಿ ಅವರಿಗೆ. ಒಬ್ಬರು ಪತ್ನಿ, ಇನ್ನೊಬ್ಬರು ಮಗಳು. 2019ರಲ್ಲಿ ಬಿಜೆಪಿಯಲ್ಲಿ ಅನಂತಕುಮಾರ್ ಅವರ ಪತ್ನಿ ತೇಜಸ್ವಿನಿ ಅವರ ಹೆಸರೇ ಖಚಿತವೆಂದು ಎಲ್ಲರೂ ನಂಬಿದ್ದರು. ರಾಜ್ಯ ಘಟಕವೂ ಅವರ ಪರವಾಗಿತ್ತು. ನಾಮಪತ್ರದ ಗಡುವಿನ ಅಂಚಿನಲ್ಲಿ ದೆಹಲಿಯಿಂದ ಬಂದ ಹೆಸರು 28ರ ಯುವಕ ತೇಜಸ್ವಿ ಸೂರ್ಯ ಅವರದ್ದು. ಮತದಾರನಿಗೆ ತೇಜಸ್ವಿನಿಯವರನ್ನು ಒಪ್ಪುವ ಅಥವಾ ತಿರಸ್ಕರಿಸುವ ಅವಕಾಶವೇ ಬರಲಿಲ್ಲ.

ಸಂಬಂಧವೂ ಇಲ್ಲದೆ, ಮೀಸಲಾತಿಯೂ ಇಲ್ಲದೆ ನಿಂತವರ ಕಥೆ 2014ರದ್ದು. ಆ ವರ್ಷ ಪತ್ರಿಕೆಗಳ ಕಣ್ಣೆಲ್ಲ ಅನಂತಕುಮಾರ್ ಮತ್ತು ನಿಲೇಕಣಿ ಮೇಲೆ. ಅದೇ ಕಣದಲ್ಲಿ ಆಮ್ ಆದ್ಮಿ ಪಕ್ಷದಿಂದ, ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಅಧ್ಯಕ್ಷೆಯಾಗಿದ್ದ ನೀನಾ ನಾಯಕ್ ಇದ್ದರು. ಜೆಡಿಎಸ್‌ನಿಂದ ರೂತ್ ಮನೋರಮಾ ಇದ್ದರು. ಹೆಣ್ಣು, ದಲಿತೆ, ಕ್ರೈಸ್ತೆ: ಮೂರು ಗೋಡೆಗಳು ಒಬ್ಬರ ಎದುರಿಗೇ. 1952ರಲ್ಲಿ ಹುಟ್ಟಿದ ಅವರು 1980ರ ದಶಕದಲ್ಲಿ ಬೆಂಗಳೂರಿನ ಕೊಳೆಗೇರಿಗಳ ತೆರವಿನ ವಿರುದ್ಧ ಬೀದಿಗಿಳಿದವರು, 'ವಿಮೆನ್ಸ್ ವಾಯ್ಸ್' ಕಟ್ಟಿದವರು, ದಲಿತ ಮಹಿಳೆಯರ ರಾಷ್ಟ್ರೀಯ ಒಕ್ಕೂಟದ ಸ್ಥಾಪಕರಲ್ಲಿ ಒಬ್ಬರು, 2006ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಪಡೆದವರು. ಮನೆಗೆಲಸದವರನ್ನು ಸಂಘಟಿಸಿದ್ದು ಅವರ ದೊಡ್ಡ ಕೆಲಸ. ಆ ವರ್ಗಕ್ಕೆ ಕನಿಷ್ಠ ವೇತನ ಗೊತ್ತುಪಡಿಸುವ ಆದೇಶ 2004ರಲ್ಲಿ ಕರ್ನಾಟಕದಲ್ಲಿ ಬಂತು. ಜಯನಗರದ ಮನೆಗಳಲ್ಲಿ ಪಾತ್ರೆ ತೊಳೆಯುವವರ ಪರ ಇಷ್ಟು ವರ್ಷ ಮಾತನಾಡಿದವರು, ಆ ಮನೆಗಳ ಯಜಮಾನರ ಬಳಿಯೂ ಮತ ಕೇಳಬೇಕಾಗಿತ್ತು. ಅವರಿಗೂ ನೀನಾ ನಾಯಕ್ ಅವರಿಗೂ ಠೇವಣಿ ಉಳಿಯುವಷ್ಟು ಮತ ಬರಲಿಲ್ಲ. ಈ ಕ್ಷೇತ್ರದಲ್ಲಿ ಗೆಲ್ಲುವ ಬಲವಿದ್ದ ಎರಡು ಪಕ್ಷಗಳು ಅಂಥವರಿಗೆ ಬಿ-ಫಾರಂ ಕೊಡುವುದಿಲ್ಲ, ಬಲವಿಲ್ಲದ ಪಕ್ಷ ಕೊಡುತ್ತದೆ. ಸೋತ ಮೇಲೆ 'ಜನ ಒಪ್ಪಲಿಲ್ಲ' ಎಂದು ಬರೆದುಬಿಡುವುದು ಸುಲಭ.

ಇದನ್ನು ಅಮೆರಿಕದ ಶರ್ಲಿ ಚಿಜಮ್ ಅವರ ಜೊತೆ ಇಟ್ಟು ನೋಡಬೇಕು. 1968ರಲ್ಲಿ ಅವರು ಬ್ರೂಕ್ಲಿನ್‌ನಿಂದ ಅಮೆರಿಕದ ಪ್ರತಿನಿಧಿ ಸಭೆಗೆ ಗೆದ್ದ ಮೊದಲ ಕಪ್ಪು ಮಹಿಳೆಯಾದರು. ಕೋರ್ಟಿನ ಆದೇಶದ ಮೇರೆಗೆ ಕ್ಷೇತ್ರದ ಗಡಿಗಳನ್ನು ಹೊಸದಾಗಿ ಎಳೆದದ್ದರಿಂದ ಆ ಸ್ಥಾನ ಹುಟ್ಟಿತ್ತು. ಅಭ್ಯರ್ಥಿಯನ್ನು ಆರಿಸಿದ್ದು ಪ್ರೈಮರಿ ಚುನಾವಣೆಯಲ್ಲಿ ಮತದಾರರೇ, ಪಕ್ಷದ ಹೈಕಮಾಂಡ್ ಅಲ್ಲ. ಬಿ-ಫಾರಂ ಅಲ್ಲಿ ಜನರ ಕೈಯಲ್ಲಿದೆ ಎನ್ನಬಹುದು. ಆದರೆ ಆ ದಾರಿಗೂ ಅದರದೇ ಬೆಲೆಯಿದೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ತಮ್ಮದೇ ಹಣ ಧಾರಾಳವಾಗಿ ಸುರಿದು, ಹಲವು ಕಪ್ಪು ಅಭ್ಯರ್ಥಿಗಳ ನಡುವೆ ಮತ ಹಂಚಿಹೋದ ಪ್ರೈಮರಿಯಲ್ಲಿ ಗೆದ್ದು, ಡೆಟ್ರಾಯ್ಟ್‌ನಿಂದ ಪ್ರತಿನಿಧಿ ಸಭೆ ಸೇರಿದರು. ಕರ್ನಾಟಕದಲ್ಲಿ ಹುಟ್ಟಿದ ಹಿಂದೂ ಒಬ್ಬರಿಗೆ ಇದು ದೊಡ್ಡ ದಾಟು. ಆದರೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಪ್ಪು ಪ್ರಾತಿನಿಧ್ಯವನ್ನು ಉಳಿಸಿಕೊಂಡಿದ್ದ ಡೆಟ್ರಾಯ್ಟ್ 2023ರ ಜನವರಿಯಲ್ಲಿ ಅದನ್ನು ಕಳೆದುಕೊಂಡಿತು.

ಶಿರಾ ತಾಲ್ಲೂಕಿನಿಂದ ಹೋಗಿ ಕೆನಡಾದ ನೆಪಿಯನ್ ಸಂಸದರಾದ ಚಂದ್ರ ಆರ್ಯ 2022ರ ಮೇ ತಿಂಗಳಲ್ಲಿ ಅಲ್ಲಿನ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತನಾಡಿದ ವಿಡಿಯೊ ನಮ್ಮ ಮೊಬೈಲುಗಳಲ್ಲೆಲ್ಲ ಓಡಾಡಿತು. 2025ರಲ್ಲಿ ಅವರ ಪಕ್ಷವೇ ಅವರ ಉಮೇದುವಾರಿಕೆಯನ್ನು ರದ್ದುಮಾಡಿತು. ಆ ಕ್ಷೇತ್ರದಲ್ಲಿ ಪಕ್ಷದ ನಾಯಕ ಮಾರ್ಕ್ ಕಾರ್ನಿ ನಿಂತರು. ಇದು ಅಷ್ಟಾಗಿ ಓಡಾಡಲಿಲ್ಲ. ರಿಷಿ ಸುನಕ್ 2022ರಲ್ಲಿ ಬ್ರಿಟನ್ನಿನ ಪ್ರಧಾನಿಯಾದಾಗ ಜಯನಗರ 'ನಮ್ಮ ಅಳಿಯ' ಎಂದು ಹಿಗ್ಗಿತು. ಪರದೇಶದವರು ನಮ್ಮವನನ್ನು ಒಪ್ಪಿದ್ದಕ್ಕೆ ಹಿಗ್ಗುವ ಬಡಾವಣೆ, ತನ್ನದೇ ಬೀದಿಯ ಅಲ್ಪಸಂಖ್ಯಾತನಿಗೆ ಗೆಲ್ಲುವ ಬಲವಿರುವ ಪಕ್ಷಗಳು ಟಿಕೆಟ್ ಕೊಡದಿರುವುದನ್ನು ಗಮನಿಸಿದಂತೆ ಕಾಣುವುದಿಲ್ಲ.

ರಾಜ್ಯದ ಲೆಕ್ಕವೂ ಇದೇ ಮಾತನ್ನು ಹೇಳುತ್ತದೆ. 2023ರಲ್ಲಿ 224 ಶಾಸಕರಲ್ಲಿ ಹತ್ತು ಮಹಿಳೆಯರು. 2024ರಲ್ಲಿ ಲೋಕಸಭೆಗೆ ಹೋದವರು ಮೂವರು. ಅವರಲ್ಲಿ ಪ್ರಿಯಾಂಕಾ ಜಾರಕಿಹೊಳಿ, ಪ್ರಭಾ ಮಲ್ಲಿಕಾರ್ಜುನ್ ಇಬ್ಬರೂ ಮಂತ್ರಿಗಳ ಮನೆಯವರು, ಬೆಂಗಳೂರು ಉತ್ತರದ ಶೋಭಾ ಕರಂದ್ಲಾಜೆ ಒಬ್ಬರೇ ಸಂಘಟನೆಯಿಂದ ಬಂದವರು. 2023ರ ಸಂವಿಧಾನದ 106ನೇ ತಿದ್ದುಪಡಿ ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಪಾಲನ್ನು ಮಹಿಳೆಯರಿಗೆ ಕೊಟ್ಟಿತು. ಜಾರಿಯನ್ನು ಮಾತ್ರ ಜನಗಣತಿ ಮತ್ತು ಕ್ಷೇತ್ರ ಪುನರ್ವಿಂಗಡಣೆಗೆ ಕಟ್ಟಿಹಾಕಿತು.

ಪಾಲಿಕೆಯಲ್ಲೂ ಬಾಗಿಲು ತೆರೆದದ್ದು ಕಾನೂನಿನಿಂದಲೇ, ಮುಚ್ಚಿದ್ದೂ ಅಲ್ಲಿಂದಲೇ. ಕೌನ್ಸಿಲ್ಲಿನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು, ಚುನಾವಣೆ ಮುಂದಕ್ಕೆ ಹೋಯಿತು, ಆಡಳಿತಾಧಿಕಾರಿಗಳು ಬಂದರು. ಅರ್ಧ ಕೌನ್ಸಿಲ್ಲಿನಷ್ಟಿದ್ದ ಕಾರ್ಪೊರೇಟರ್ ಮಹಿಳೆಯರು ಒಂದೇ ದಿನದಲ್ಲಿ ಮಾಜಿಗಳಾದರು. ಮೇಯರ್ ಅವಧಿಯನ್ನು ಒಂದು ವರ್ಷದಿಂದ 30 ತಿಂಗಳಿಗೆ ಏರಿಸಿದ ಬಿಬಿಎಂಪಿ ಕಾಯ್ದೆ 2021ರ ಜನವರಿಯಲ್ಲಿ ಜಾರಿಗೆ ಬಂತು. 2025ರಲ್ಲಿ ಬಿಬಿಎಂಪಿಯನ್ನೇ ಐದು ಪಾಲಿಕೆಗಳಾಗಿ ಒಡೆಯುವವರೆಗೂ ಆ ಕಾಯ್ದೆಯಡಿ ಗಂಡಾಗಲಿ ಹೆಣ್ಣಾಗಲಿ ಒಬ್ಬರೂ ಮೇಯರ್ ಆಗಲಿಲ್ಲ.