ತಿರುವಿನಲ್ಲಿ ಸೋತ ನಾಲ್ಕು ಚಕ್ರಗಳ ಬಲ

1983ರ ವಿಶ್ವ ರ್‍ಯಾಲಿ ಸ್ಪರ್ಧೆಯಲ್ಲಿ ಒಂದು ವಿಚಿತ್ರ ನಡೆಯಿತು. ಎಂಜಿನ್ನಿನ ಬಲವನ್ನು ನಾಲ್ಕೂ ಚಕ್ರಗಳಿಗೆ ಹಂಚುವ ಜರ್ಮನಿಯ ‘ಆಡಿ ಕ್ವಾಟ್ರೊ’ ಹಿಂದಿನ ವರ್ಷವಷ್ಟೇ ತಯಾರಕರ ಪ್ರಶಸ್ತಿ ಗೆದ್ದಿತ್ತು. ಅದಕ್ಕೆ ಎದುರಾಗಿ ನಿಂತದ್ದು ಹಿಂದಿನ ಎರಡೇ ಚಕ್ರಗಳ ಬಲದಿಂದ ಓಡುವ ಇಟಲಿಯ ‘ಲಾನ್ಸಿಯಾ 037’. ವರ್ಷದ ಕೊನೆಗೆ ತಯಾರಕರ ಪ್ರಶಸ್ತಿ ಇಟಲಿಯ ಪಾಲಾಯಿತು. ಎರಡು ಚಕ್ರ ಚಾಲನೆಯ ಕಾರೊಂದು ಆ ಪ್ರಶಸ್ತಿ ಗೆದ್ದದ್ದು ಅದೇ ಕೊನೆ.

ಸ್ವೀಡನ್ನಿನ ಹಿಮದ ಹಾದಿಯಲ್ಲಿ ಕ್ವಾಟ್ರೊಗೆ ಸಾಟಿಯೇ ಇರಲಿಲ್ಲ. ಆದರೆ ಕಾರ್ಸಿಕಾ ದ್ವೀಪದ ಹಾವಿನಂತೆ ಸುತ್ತುವ ಡಾಂಬರು ರಸ್ತೆಯಲ್ಲಿ ಮೊದಲ ನಾಲ್ಕೂ ಸ್ಥಾನಗಳು ಲಾನ್ಸಿಯಾಗೆ ದಕ್ಕಿದವು. ನಾಲ್ಕು ಚಕ್ರಗಳ ಬಲ ತಿರುವುಗಳಲ್ಲಿ ಸೋತದ್ದೇಕೆ?

ಹಿಡಿತ ಎಂಬ ಸಂಬಳ

ಉತ್ತರ ಇರುವುದು ಎಂಜಿನ್ನಿನಲ್ಲಲ್ಲ, ಟಯರಿನಲ್ಲಿ. ನೆಲದ ಮೇಲೆ ಟಯರಿಗಿರುವ ಹಿಡಿತ ತಿಂಗಳ ಸಂಬಳವಿದ್ದಂತೆ. ಮುನ್ನುಗ್ಗಲು, ನಿಲ್ಲಲು, ತಿರುಗಲು ಎಲ್ಲಕ್ಕೂ ಅದರಿಂದಲೇ ಖರ್ಚಾಗಬೇಕು. ಒಂದಕ್ಕೆ ಧಾರಾಳವಾದರೆ ಇನ್ನೊಂದಕ್ಕೆ ಕೊರತೆ ಖಂಡಿತ. ಬಲವನ್ನು ನಾಲ್ಕು ಚಕ್ರಗಳಿಗೆ ಹಂಚಿದರೆ ಮುನ್ನುಗ್ಗುವ ಹೊರೆ ಹಂಚಿಹೋಗುತ್ತದೆ. ತಿರುವು ಮುಗಿದು ವೇಗ ಹೆಚ್ಚಿಸುವಾಗ ಇದರ ಲಾಭ ದೊಡ್ಡದು. ಆದರೆ ಒಟ್ಟು ಹಿಡಿತ ಕಿಂಚಿತ್ತೂ ಹೆಚ್ಚುವುದಿಲ್ಲ.

ಅಂದಾಜು ಲೆಕ್ಕವೊಂದನ್ನು ನೋಡೋಣ. 50 ಮೀಟರ್ ತ್ರಿಜ್ಯದ ತಿರುವನ್ನು ಒಣ ಡಾಂಬರಿನ ಮೇಲೆ ಸಾಮಾನ್ಯ ಟಯರಿನ ಕಾರು ಗಂಟೆಗೆ ಸುಮಾರು 70 ಕಿ.ಮೀ. ವೇಗದಲ್ಲಿ ದಾಟಬಲ್ಲದು. ಮಂಜುಗಡ್ಡೆಯ ಮೇಲಾದರೆ ಮಿತಿ ಸುಮಾರು 25 ಕಿ.ಮೀ. ಎಂಜಿನ್ ಎಷ್ಟು ಚಕ್ರಗಳನ್ನು ತಿರುಗಿಸುತ್ತದೆ ಎಂಬುದಕ್ಕೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ. ವೇಗ ಇಮ್ಮಡಿಯಾದರೆ ಕಾರನ್ನು ತಿರುವಿನಲ್ಲಿ ಹಿಡಿದಿಡಲು ನಾಲ್ಕು ಪಟ್ಟು ಹಿಡಿತ ಬೇಕು.

ಕ್ವಾಟ್ರೊಗೆ ಇನ್ನೂ ಒಂದು ತೊಡಕಿತ್ತು. ಅದರ ಐದು ಸಿಲಿಂಡರಿನ ಎಂಜಿನ್ ಮುಂದಿನ ಚಕ್ರಗಳಿಗಿಂತಲೂ ಮುಂದೆ ಕುಳಿತಿತ್ತು. ಆ ಭಾರವನ್ನು ಹೊತ್ತು, ಕಾರನ್ನು ಎಳೆಯುತ್ತಾ, ತಿರುಗಿಸುವ ಕೆಲಸವೂ ಮುಂದಿನ ಟಯರುಗಳದೇ. ಮಿತಿ ದಾಟಿದಾಗ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಕಾರಿನ ಮೂಗು ತಿರುವಿನ ಹೊರಕ್ಕೇ ಸರಿಯುತ್ತಿತ್ತು. ಹಗುರ ದೇಹದ ಲಾನ್ಸಿಯಾದ ಎಂಜಿನ್ ಇದ್ದದ್ದು ಎರಡು ಅಚ್ಚುಗಳ ನಡುವೆ. ಅದು ಸಲೀಸಾಗಿ ಬಾಗುತ್ತಿತ್ತು.

ಹಳೆಯ ಪಾಠ

ಈ ಪಾಠ ಹೊಸದೇನಲ್ಲ. 1961ರಲ್ಲಿ ‘ಫರ್ಗುಸನ್ ಪಿ99’ ಎಂಬ ನಾಲ್ಕು ಚಕ್ರ ಚಾಲನೆಯ ಕಾರಿನಲ್ಲಿ ಸ್ಟರ್ಲಿಂಗ್ ಮಾಸ್ ಇಂಗ್ಲೆಂಡಿನ ಔಲ್ಟನ್ ಪಾರ್ಕ್‌ನಲ್ಲಿ ಗೆದ್ದರು. ಅಂದು ಟ್ರ್ಯಾಕ್ ಒದ್ದೆಯಾಗಿತ್ತು. 1969ರಲ್ಲಿ ಲೋಟಸ್, ಮಾತ್ರಾ, ಮೆಕ್‌ಲಾರೆನ್ ತಂಡಗಳು ಫಾರ್ಮುಲಾ ಒನ್‌ಗೂ ಇಂಥ ಕಾರುಗಳನ್ನು ತಂದವು. ಹೆಚ್ಚಿನ ತೂಕ ಹಾಗೂ ತಿರುಗಲೊಲ್ಲದ ಮೂಗು ಅವುಗಳನ್ನು ಕಾಡಿದವು. ಆ ವರ್ಷ ಅವೆಲ್ಲಕ್ಕೂ ಸೇರಿ ಚಾಂಪಿಯನ್‌ಷಿಪ್‌ನಲ್ಲಿ ದೊರೆತದ್ದು ಕೇವಲ 1 ಅಂಕ. ಅಷ್ಟರಲ್ಲಿ ಅಗಲ ಟಯರು ಮತ್ತು ಗಾಳಿಯ ಒತ್ತಡದಿಂದ ಕಾರನ್ನು ನೆಲಕ್ಕೆ ಒತ್ತುವ ರೆಕ್ಕೆಗಳು ಬಂದವು. ಹಿಡಿತವನ್ನು ನಿಜವಾಗಿ ಹೆಚ್ಚಿಸಿದ್ದು ಅವೇ.

ಹಾಗೆಂದು ನಾಲ್ಕು ಚಕ್ರ ಚಾಲನೆ ನಿಷ್ಪ್ರಯೋಜಕವಲ್ಲ. ಫ್ರಾನ್ಸಿನ ‘ಪೂಜೊ 205 ಟರ್ಬೊ 16’ ಎಂಜಿನ್ನನ್ನು ನಡುವೆ ಇಟ್ಟುಕೊಂಡೇ ನಾಲ್ಕೂ ಚಕ್ರಗಳಿಗೆ ಬಲ ಕೊಟ್ಟು 1985 ಹಾಗೂ 1986ರಲ್ಲಿ ರ್‍ಯಾಲಿ ಪ್ರಶಸ್ತಿ ಗೆದ್ದಿತು. ಆಡಿ ತನ್ನ ಕಾರಿನ ಮುಂದಿನ ಹಾಗೂ ಹಿಂದಿನ ಚಕ್ರಗಳ ನಡುವಿನ ಅಂತರವನ್ನು 320 ಮಿ.ಮೀ. ಕಡಿಮೆ ಮಾಡಿ ‘ಸ್ಪೋರ್ಟ್ ಕ್ವಾಟ್ರೊ’ ತಂದರೂ ಎಂಜಿನ್ ಇದ್ದಲ್ಲೇ ಇತ್ತು. ಚಾಲಕರು ಎಡಗಾಲಿನಿಂದ ಬ್ರೇಕ್ ಒತ್ತುತ್ತಲೇ ಬಲಗಾಲಿನಿಂದ ವೇಗ ಕಾಯ್ದುಕೊಂಡು ಕಾರನ್ನು ಬಾಗಿಸುವ ಕಸರತ್ತು ಮಾಡಬೇಕಾಯಿತು.

ಮುಂದೆ ತಂತ್ರಜ್ಞಾನ ಬೆಳೆಯಿತು. 1996ರ ‘ಮಿತ್ಸುಬಿಷಿ ಲಾನ್ಸರ್ ಎವಲ್ಯೂಷನ್ 4’ ಹಿಂದಿನ ಎಡ ಹಾಗೂ ಬಲ ಚಕ್ರಗಳಿಗೆ ಬೇರೆಬೇರೆ ಪ್ರಮಾಣದ ಬಲ ಕೊಟ್ಟು ತಿರುಗಲು ನೆರವಾಯಿತು. ಇಂದಿನ ಕಾರುಗಳಲ್ಲಿ ಕಂಪ್ಯೂಟರ್ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಬಲ್ಲದು. ಇವೆಲ್ಲ ಇರುವ ಹಿಡಿತವನ್ನು ಜಾಣತನದಿಂದ ಖರ್ಚು ಮಾಡುವ ಉಪಾಯಗಳು. ಇಲ್ಲದ ಹಿಡಿತವನ್ನು ಅವು ಸೃಷ್ಟಿಸಲಾರವು.

ಅಪಾಯ ಅಡಗಿರುವುದು ಇಲ್ಲಿಯೇ. ಎರಡು ಚಕ್ರ ಚಾಲನೆಯ ಕಾರು ಒದ್ದೆ ರಸ್ತೆಯಲ್ಲಿ ಹೊರಡುವಾಗಲೇ ಜಾರಿ ಎಚ್ಚರಿಸುತ್ತದೆ. ನಾಲ್ಕು ಚಕ್ರದ್ದು ಏನೂ ಆಗಿಲ್ಲವೆಂಬಂತೆ ಮುನ್ನುಗ್ಗುತ್ತದೆ. ರಸ್ತೆ ಎಷ್ಟು ಜಾರುತ್ತದೆಂದು ಚಾಲಕನಿಗೆ ತಿಳಿಯುವುದು ಬ್ರೇಕ್ ಒತ್ತಿದಾಗ ಇಲ್ಲವೇ ತಿರುವಿಗೆ ಇಳಿದಾಗ. ಆ ವೇಳೆಗೆ ವೇಗ ಮಿತಿ ಮೀರಿರುತ್ತದೆ. ಹೊರಡಲು ನಾಲ್ಕು ಚಕ್ರಗಳ ಬಲ ನೆರವಾದೀತು. ನಿಲ್ಲಲು ಎಲ್ಲ ಕಾರುಗಳಿಗೂ ಇರುವುದು ನಾಲ್ಕೇ ಟಯರು.