ಏಲಕ್ಕಿಯ ಹಸಿರಿಗೆ ತೆತ್ತ ಕಟ್ಟಿಗೆ

ಹಾವೇರಿಯ ಬಯಲಿನಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಆದರೂ ಏಲಕ್ಕಿ ಎಂದೊಡನೆ ನೆನಪಾಗುವ ಊರು ಅದು. ಅತಿಥಿಗಳ ಕೊರಳಿಗೇರುವ ಏಲಕ್ಕಿ ಹಾರ ಆ ಹೆಸರನ್ನು ಇಂದಿಗೂ ಉಳಿಸಿದೆ. ಆದರೆ ಹೆಸರು ತಂದುಕೊಟ್ಟದ್ದು ಅಲ್ಲಿನ ನೀರು ಮತ್ತು ಬಿಸಿಲು. ಮಲೆನಾಡಿನಿಂದ ಬಂದ ಕಾಯಿಯನ್ನು ವ್ಯಾಪಾರಿಗಳು ಅಂಟುವಾಳದ ನೀರಿನಲ್ಲಿ ತೊಳೆಸಿ, ಬಿಸಿಲಿಗೆ ಹರವಿ, ಮತ್ತೆ ತೋಯಿಸಿ, ಮತ್ತೆ ಹರವಿ ಬಿಳುಪು ಮಾಡಿಸುತ್ತಿದ್ದರು. ಅಷ್ಟೆಲ್ಲ ಸಲ ಒಣಗಿಸಲು ಒಲೆಯ ಹಂಗಿರಲಿಲ್ಲ.

ಮಾರುಕಟ್ಟೆಯ ಕಣ್ಣು ಹಸಿರಿನ ಮೇಲೆ ಬಿದ್ದಾಗ ಲೆಕ್ಕ ಬದಲಾಯಿತು. ಅರಬ್ ದೇಶಗಳಲ್ಲಿ ಕಾಫಿಗೆ ಏಲಕ್ಕಿ ಬೆರೆಸುವವರು ಕೇಳಿದ್ದು ದಪ್ಪನೆಯ ಹಸಿರು ಕಾಯಿಯನ್ನು. ಬಿಸಿಲಿನ ಬೆಳಕಿಗೆ ಈ ಹಸಿರು ನಿಲ್ಲದು. ಸಾಲದ್ದಕ್ಕೆ, ಕೊಯ್ಲು ಶುರುವಾಗುವ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಮಲೆನಾಡಿಗೆ ಬಿಸಿಲೆಂಬುದೇ ಅಪರೂಪ. ಹೀಗಾಗಿ ತೋಟಗಳಲ್ಲಿ ಒಣಗಿಸುವ ಮನೆಗಳು ಎದ್ದವು. ಹೊರಗೆ ಒಲೆ, ಒಳಗೆ ಬಿಸಿ ಹೊಗೆ ಹಾಯುವ ತಗಡಿನ ಕೊಳವೆ, ಅದರ ಮೇಲೆ ಸಾಲು ಸಾಲು ತಟ್ಟೆಗಳು. ಕತ್ತಲೆಯಲ್ಲಿ ಒಂದು ಹಗಲು ಒಂದು ರಾತ್ರಿ ಕಾವು ಕೊಟ್ಟರೆ ಕಾಯಿ ಹಸಿರಾಗಿಯೇ ಒಣಗುತ್ತದೆ. ಕಾವು ಸುಮಾರು 50 ಡಿಗ್ರಿ ಸೆಲ್ಸಿಯಸ್ ಇದ್ದರೆ ಹಿತ. 60 ದಾಟಿದರೆ ಬಣ್ಣವೂ ಕೆಡುತ್ತದೆ, ಪರಿಮಳದ ತೈಲವೂ ಹಾರಿಹೋಗುತ್ತದೆ.

ಕೊಯ್ದ ಕಾಯಿಯಲ್ಲಿ ನೂರಕ್ಕೆ ಸುಮಾರು 80 ಪಾಲು ನೀರು; ಒಣಗಿದ ಮೇಲೆ ಉಳಿಯಬೇಕಾದದ್ದು 10ರ ಆಸುಪಾಸು. ಅಂದರೆ ಒಂದು ಕಿಲೋ ಒಣ ಏಲಕ್ಕಿಗೆ ಮೂರೂವರೆ ಕಿಲೋ ನೀರನ್ನು ಆವಿ ಮಾಡಬೇಕು. ಶಾಖದ ಲೆಕ್ಕದಲ್ಲಿ ಇದಕ್ಕೆ ಮುಕ್ಕಾಲು ಕಿಲೋ ಒಣ ಕಟ್ಟಿಗೆಯೂ ಬೇಡ! ಹಳೆಯ ಒಲೆಗಳು ಉರಿಸಿದ್ದು ಅದರ ಹಲವು ಪಟ್ಟು. ಕಾವಿನ ಹೆಚ್ಚಿನ ಪಾಲು ಚಿಮಣಿಯಿಂದ, ಗೋಡೆಯಿಂದ, ಸಂದುಗಳಿಂದ ಸೋರಿಹೋಗುತ್ತಿತ್ತು. ಏಲಕ್ಕಿ ನೆರಳಿನ ಗಿಡ. ನೆರಳು ಕೊಡುವ ಮರವನ್ನೇ ಕಡಿದು ಕಾಯಿ ಒಣಗಿಸುವುದೆಂದರೆ ಮುಂದಿನ ಬೆಳೆಯನ್ನು ಒಲೆಗೆ ಹಾಕಿದಂತೆಯೇ.

ಪರಿಹಾರದಲ್ಲಿ ದೊಡ್ಡ ಗುಟ್ಟೇನಿಲ್ಲ. ಗೋಡೆಗೆ ಕಾವು ತಡೆಯುವ ಹೊದಿಕೆ, ಗಾಳಿ ತಿರುಗಿಸುವ ಫ್ಯಾನು, ಮೊದಲ ಕೆಲವು ಗಂಟೆ ಹಬೆ ಹೊರಹೋಗಲು ದಾರಿ ಇವೇ ಸಾಕಷ್ಟು ಸೌದೆ ಉಳಿಸುತ್ತವೆ. ಸಿಕ್ಕಿಂನಲ್ಲಿ ದೊಡ್ಡ ಏಲಕ್ಕಿಯನ್ನು ಭಟ್ಟಿಯ ಹೊಗೆಯಲ್ಲೇ ಒಣಗಿಸುವ ರೂಢಿ. ಅಲ್ಲಿ 1990ರ ದಶಕದಲ್ಲಿ ಟೆರಿ ಸಂಸ್ಥೆ ಕಟ್ಟಿಗೆಯನ್ನು ಅನಿಲವಾಗಿಸಿ ಉರಿಸುವ ಒಲೆಗಳನ್ನು ಪ್ರಯೋಗಿಸಿತು. ಸೌದೆಯೂ ಉಳಿಯಿತು, ಕಾಯಿಯ ತೈಲವೂ ಉಳಿಯಿತು.

ಇನ್ನೊಂದು ದಾರಿ ಮತ್ತೆ ಸೂರ್ಯನ ಕಡೆಗೇ. ಗಾಜಿನ ಕೆಳಗಿನ ಕಪ್ಪು ತಗಡಿನಲ್ಲಿ ಗಾಳಿಯನ್ನು ಕಾಯಿಸಿ, ಬೆಳಕು ಬೀಳದ ಪೆಟ್ಟಿಗೆಯೊಳಕ್ಕೆ ಹಾಯಿಸಿದರೆ ಹಸಿರು ಮಾಸದು. ಬಿಸಿಲಿನಿಂದ ಕಾವನ್ನಷ್ಟೇ ಪಡೆದು ಬೆಳಕನ್ನು ಹೊರಗಿಡುವ ಜಾಣ ಉಪಾಯವಿದು. ಮಳೆಗಾಲದ ಮೊದಲ ಕೊಯ್ಲಿಗೆ ಮಾತ್ರ ಅದರ ಬೆನ್ನಿಗೊಂದು ಒಲೆ ಇರಲೇಬೇಕು.